ಕಿರು ರೈಲುಮಾರ್ಗಕ್ಕೆ ತನ್ನ ನೆಲದ ಬಣ್ಣ

ಶಾಲೆಯ ವಸ್ತುಪ್ರದರ್ಶನದಲ್ಲಿ ರೈಲಿನ ಮಾದರಿಯೊಂದಿದ್ದರೆ ಮಕ್ಕಳು ಅದರ ಸುತ್ತ ಮುತ್ತಿಕೊಳ್ಳುವುದು ಸಹಜ. ಎಂಜಿನು ಸುರಂಗವನ್ನು ಹೊಕ್ಕು ಹೊರಬರುತ್ತದೆ, ಡಬ್ಬಿಗಳು ಸಾಲಾಗಿ ಹಿಂಬಾಲಿಸುತ್ತವೆ, ನೋಡುವವರ ಕಣ್ಣು ಅರಳುತ್ತದೆ. ಆದರೆ ಆ ರೈಲು ಓಡುತ್ತಿರುವ ನೆಲ ಯಾವುದೆಂದು ಕೇಳಿದರೆ ಅನೇಕ ವೇಳೆ ಉತ್ತರ ದೊರೆಯುವುದಿಲ್ಲ. ಅಂಗಡಿಯಿಂದ ತಂದ ಅಚ್ಚಹಸಿರಿನ ಹುಲ್ಲುಹಾಸು, ಶಂಕುವಿನಾಕಾರದ ಪರದೇಶದ ಮರಗಳು, ಹಿಂಬದಿಯಲ್ಲಿ ಹಿಮ ಹೊದ್ದ ಬೆಟ್ಟ, ನಿಲ್ದಾಣದ ಫಲಕದ ಮೇಲೆ ಮಾತ್ರ ‘ಬೀದರ’ ಎಂಬ ಹೆಸರು! ಬೀದರವನ್ನು ಎಂದೂ ಕಾಣದವನು ಈ ಮಾದರಿಯನ್ನು ನೋಡಿ ಊರಿನ ಬಗೆಗೆ ಏನನ್ನೂ ಅರಿಯಲಾರನು. ಅದಕ್ಕಿಂತ ವಿಷಾದದ ಸಂಗತಿಯೆಂದರೆ, ಅದನ್ನು ಕಟ್ಟಿದ ಬಾಲಕನೂ ತನ್ನ ಊರನ್ನು ಒಮ್ಮೆಯೂ ನಿಂತು ನೋಡದೆಯೇ ಕೆಲಸ ಮುಗಿಸಿರುತ್ತಾನೆ.

ಮಾದರಿ ರೈಲುಮಾರ್ಗದ ನಿರ್ಮಾಣದಲ್ಲಿ ಎರಡು ಭಾಗಗಳಿವೆ. ಹಳಿ, ವಿದ್ಯುತ್ತು, ಎಂಜಿನುಗಳಿಗೆ ಸಂಬಂಧಿಸಿದ್ದು ಒಂದು. ನೆಲ, ನೀರು, ಗಿಡಮರ, ಮನೆ, ಜನ, ದನಗಳಿಗೆ ಸಂಬಂಧಿಸಿದ್ದು ಇನ್ನೊಂದು. ಮೊದಲನೆಯದನ್ನು ಹಣ ಕೊಟ್ಟು ಕೊಳ್ಳಬಹುದು. ಎರಡನೆಯದನ್ನು ಕಣ್ಣಿನಿಂದ ಗಳಿಸಬೇಕು. ಶಿಕ್ಷಣದ ದೃಷ್ಟಿಯಿಂದ ಈ ಎರಡನೆಯ ಭಾಗವೇ ಹೆಚ್ಚು ಬೆಲೆಯುಳ್ಳದ್ದು. ಬೀದರ, ಭಾಲ್ಕಿ, ಔರಾದಗಳ ನೆಲವನ್ನೇ ಉದಾಹರಣೆಯಾಗಿಟ್ಟುಕೊಂಡು ಅದರ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಆಟಿಕೆಯಿಂದ ದಾಖಲೆಯವರೆಗೆ

ಜರ್ಮನಿಯ ಮಾರ್ಕ್ಲಿನ್ ಸಂಸ್ಥೆ 1891ರಲ್ಲಿ ಆಟದ ರೈಲುಗಳಿಗೆ ಗೊತ್ತಾದ ಹಳಿಯಳತೆಗಳನ್ನು ನಿಗದಿಗೊಳಿಸಿತು. ಇಂಗ್ಲೆಂಡಿನ ಫ್ರಾಂಕ್ ಹಾರ್ನ್‌ಬಿಯವರ ರೈಲುಗಳು 1920ರಲ್ಲಿ ಮಾರುಕಟ್ಟೆಗೆ ಬಂದವು. ಬಹುಕಾಲ ಇವು ಮಕ್ಕಳ ಆಟಿಕೆಗಳಾಗಿಯೇ ಉಳಿದವು. ಆಟಿಕೆ ಕಲೆಯಾದದ್ದು ಹಳಿಯ ಪಕ್ಕದ ನೆಲವನ್ನು ಗಂಭೀರವಾಗಿ ನೋಡತೊಡಗಿದ ಮೇಲೆ.

ರಾಯ್ ಇಂಗ್ಲೆಂಡ್ ಎಂಬ ಆಸ್ಟ್ರೇಲಿಯದ ತರುಣನು 1925ರಲ್ಲಿ ಇಂಗ್ಲೆಂಡಿಗೆ ಬಂದನು. ಅಲ್ಲಿಯ ವೈಟ್ ಹಾರ್ಸ್ ಕಣಿವೆಯ ಹಳ್ಳಿಗಳಲ್ಲಿ ಹಳೆಯ ಹುಲ್ಲುಚಾವಣಿಯ ಮನೆಗಳು ಒಂದೊಂದಾಗಿ ರೂಪಗೆಡುತ್ತಿದ್ದುದನ್ನು ಕಂಡು, ಅವು ಕಣ್ಮರೆಯಾಗುವ ಮುನ್ನ ಅಳತೆಗೆ ಸರಿಯಾದ ಮಾದರಿಗಳಲ್ಲಿ ಉಳಿಸಬೇಕೆಂದು ಸಂಕಲ್ಪಿಸಿದನು. ಆ ಸಂಕಲ್ಪದ ಫಲವೇ 1954ರಲ್ಲಿ ಲಾಂಗ್ ವಿಟನ್‌ಹ್ಯಾಮ್ ಗ್ರಾಮದಲ್ಲಿ ಆರಂಭವಾದ ಪೆಂಡನ್ ವಸ್ತುಸಂಗ್ರಹಾಲಯ. ಅಲ್ಲಿಯ ಮನೆಗಳನ್ನು ಮುಖ್ಯವಾಗಿ ರಟ್ಟಿನಿಂದ ಕಟ್ಟಿ ಜಲವರ್ಣದಿಂದ ಬಣ್ಣಿಸಲಾಗಿದೆ. ಸಾಮಗ್ರಿ ಸಾಧಾರಣವಾದುದು, ನೋಟ ಮಾತ್ರ ಅಸಾಧಾರಣವಾದುದು. ಭಾರತದಲ್ಲಿ ಪುಣೆಯ ಜೋಶಿಯವರ ಕಿರು ರೈಲು ವಸ್ತುಸಂಗ್ರಹಾಲಯವು 1998ರ ಏಪ್ರಿಲ್ 1ರಂದು ತೆರೆದು, ಈ ಹವ್ಯಾಸವನ್ನು ಸಾರ್ವಜನಿಕರ ಕಣ್ಣಿಗೆ ತಂದಿತು.

ಮೊದಲು ಅಳತೆ

ಮಾದರಿಯ ಸತ್ಯಕ್ಕೆ ಅಳತೆಯೇ ಅಡಿಪಾಯ. ಹೆಚ್ಚು ಬಳಕೆಯಲ್ಲಿರುವ ‘ಎಚ್‌ಓ’ ಪ್ರಮಾಣದಲ್ಲಿ ನಿಜವಾದ ವಸ್ತುವಿನ 87 ಪಾಲುಗಳಲ್ಲಿ ಒಂದು ಪಾಲು ಮಾದರಿಯಾಗುತ್ತದೆ. ಐದೂವರೆ ಅಡಿಯ ಮನುಷ್ಯ 19 ಮಿಲಿಮೀಟರು, ಆರಡಿಯ ಬಾಗಿಲು 21 ಮಿಲಿಮೀಟರು, 12 ಮೀಟರು ಎತ್ತರದ ಬೇವಿನ ಮರ ಸುಮಾರು 14 ಸೆಂಟಿಮೀಟರು. ವಿದ್ಯಾರ್ಥಿಗಳು ಈ ಪಟ್ಟಿಯನ್ನು ತಾವೇ ಭಾಗಿಸಿ ಬರೆದಿಟ್ಟುಕೊಳ್ಳತಕ್ಕದ್ದು. ಗಣಿತದ ತರಗತಿಯಲ್ಲಿ ಪ್ರಮಾಣವೆಂಬುದು ಸೂತ್ರವಾಗಿ ಬರುತ್ತದೆ. ಇಲ್ಲಿ ಅದು ಕೈಯ ಅನುಭವವಾಗಿ ಬರುತ್ತದೆ.

ಹಳಿಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಅಂಗಡಿಯಲ್ಲಿ ದೊರೆಯುವ ಎಚ್‌ಓ ಹಳಿಯ ಅಗಲ 16.5 ಮಿಲಿಮೀಟರು. ಅದು ಯುರೋಪಿನ 1435 ಮಿಲಿಮೀಟರಿನ ಹಳಿಗೆ ಒಪ್ಪುತ್ತದೆ. ಭಾರತದ ಬ್ರಾಡ್‌ಗೇಜ್ ಹಳಿಯ ಅಗಲ 1676 ಮಿಲಿಮೀಟರು. 87ರಿಂದ ಭಾಗಿಸಿದರೆ 19.3 ಮಿಲಿಮೀಟರು ಬರಬೇಕು. ಆದ್ದರಿಂದ ಕೊಂಡ ಹಳಿಯನ್ನೇ ಬಳಸುವುದಾದರೆ ಈ ವ್ಯತ್ಯಾಸವನ್ನು ಪ್ರದರ್ಶನದ ವಿವರಣೆಯಲ್ಲಿ ಬರೆಯುವುದು ಪ್ರಾಮಾಣಿಕತೆ.

ದೂರಕ್ಕೆ ಬಂದಾಗ ಇನ್ನೊಂದು ತೊಡಕು. ಒಂದು ಕಿಲೋಮೀಟರು ಈ ಪ್ರಮಾಣದಲ್ಲಿ ಹನ್ನೊಂದೂವರೆ ಮೀಟರಾಗುತ್ತದೆ. ಬೀದರದಿಂದ ಖಾನಾಪುರ, ಹಲಬರ್ಗಾಗಳ ಮೂಲಕ ಭಾಲ್ಕಿಯವರೆಗಿನ ಹಾದಿಯನ್ನು ಹಾಗೆಯೇ ಇಳಿಸಹೊರಟರೆ ನಾನೂರು ಮೀಟರಿನ ಆಸುಪಾಸು ಜಾಗ ಬೇಕಾಗುತ್ತದೆ. ಎಂಟಡಿ ಉದ್ದ, ನಾಲ್ಕಡಿ ಅಗಲದ ಹಲಗೆಯಲ್ಲಿ ಅದು ಅಸಾಧ್ಯ. ಹೀಗಾಗಿ ಎಲ್ಲವನ್ನೂ ತುರುಕದೆ, ಎರಡು ಅಥವಾ ಮೂರು ತಾಣಗಳನ್ನು ಆರಿಸಿಕೊಂಡು ಉಳಿದುದನ್ನು ಬಿಡಬೇಕು. ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂಬ ಚರ್ಚೆಯೇ ತರಗತಿಯ ಮೊದಲ ಪಾಠ. ಬೀದರದ ನಿಲ್ದಾಣ, ಭಾಲ್ಕಿಯ ಆಚೆ ಮಾಂಜ್ರಾ ನದಿಯ ಸೇತುವೆ, ಕಮಲನಗರದ ಕಡೆಯ ಜೋಳದ ಹೊಲ: ಇವು ಮೂರಾದರೂ ಸಾಕು.

ಸ್ಥಳದಂತೆಯೇ ಕಾಲವನ್ನೂ ಗೊತ್ತುಮಾಡಿಕೊಳ್ಳಬೇಕು. ಭಾರತದ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಉಗಿ ಎಂಜಿನುಗಳ ನಿತ್ಯಸಂಚಾರ 1995ರಲ್ಲಿ ಕೊನೆಗೊಂಡಿತು. ಬೀದರ–ಕಲಬುರಗಿ ಮಾರ್ಗ ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು. ಉಗಿ ಎಂಜಿನು ಓಡುವ ಮಾದರಿಯಲ್ಲಿ ಕಲಬುರಗಿಯ ಕಡೆಗೆ ಹಳಿ ಕವಲೊಡೆದಿದ್ದರೆ ಅದು ಇತಿಹಾಸದ ತಪ್ಪು. ವರ್ಷದೊಡನೆ ಋತುವನ್ನೂ ಆರಿಸಬೇಕು; ಏಕೆಂದರೆ ಮೃಗಶಿರದ ಹೊಲಕ್ಕೂ ಎಳ್ಳಮಾವಾಸ್ಯೆಯ ಹೊಲಕ್ಕೂ ಬಣ್ಣ ಒಂದೇ ಅಲ್ಲ.

ಎರಡು ಮಣ್ಣುಗಳ ನಾಡು

ಬೀದರ ನಗರವು ಲ್ಯಾಟರೈಟ್ ಅಥವಾ ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ ನಿಂತಿದೆ. ಬಿಸಿಲು ಮಳೆಗಳ ಸತತ ಕ್ರಿಯೆಯಿಂದ ಶಿಲೆಯೊಳಗಿನ ಸಿಲಿಕಾಂಶ ತೊಳೆದುಹೋಗಿ, ಕಬ್ಬಿಣ ಹಾಗೂ ಅಲ್ಯೂಮಿನಿಯಮ್ ಆಕ್ಸೈಡುಗಳು ಉಳಿದು ಈ ಕೆಂಪು ಕಲ್ಲು ರೂಪುಗೊಂಡಿತು. ಮೈತುಂಬ ತೂತು, ನೆಲದಿಂದ ಕಡಿದಾಗ ಮೆದು, ಗಾಳಿಗೆ ಆರಿದಂತೆ ಗಡಸು. ಕೋಟೆಯ ಕಂದಕವನ್ನೂ ಬಹಮನಿ ಕಾಲದ ಸುರಂಗ ಬಾವಿಯನ್ನೂ ಇದರಲ್ಲಿಯೇ ಕೊರೆದರು. ಪ್ರಸ್ಥಭೂಮಿಯ ಅಂಚಿನಿಂದ ಕೆಳಗಿಳಿದು ಭಾಲ್ಕಿ, ಔರಾದಗಳ ಕಡೆಗೆ ಹೋದರೆ ಕಪ್ಪು ಎರೆಭೂಮಿ. ಇದು ದಖನ್ ಟ್ರ್ಯಾಪ್ ಎಂಬ ಲಾವಾಶಿಲೆ ಶಿಥಿಲವಾಗಿ ಬಂದ ಮಣ್ಣು. ‘ಟ್ರ್ಯಾಪ್’ ಎಂಬ ಮಾತು ಮೆಟ್ಟಿಲೆಂಬ ಅರ್ಥದ ಸ್ವೀಡಿಷ್ ಪದದಿಂದ ಬಂದುದು. ಆ ಶಿಲೆಯ ಗುಡ್ಡಗಳು ಹಂತಹಂತವಾಗಿ ಕಾಣುವುದೇ ಅದಕ್ಕೆ ಕಾರಣ. ಹೀಗೆ ಈ ಕಿರು ಮಾರ್ಗದ ಒಂದು ತುದಿ ಕೆಂಪು, ಇನ್ನೊಂದು ತುದಿ ಕಪ್ಪು ಆಗಿರಲೇಬೇಕು. ಮಾದರಿಯಲ್ಲಿ ಬೇರೆಲ್ಲ ಸರಿಯಿದ್ದು ಇದೊಂದು ತಪ್ಪಿದರೆ ಅದು ಬೀದರ ಜಿಲ್ಲೆಯಾಗಲಾರದು.

ನೆಲದ ಏರುತಗ್ಗುಗಳನ್ನು ಥರ್ಮಾಕೋಲಿನ ಪದರಗಳಿಂದ ಇಲ್ಲವೆ ರಟ್ಟಿನ ಪಟ್ಟಿಗಳ ಜಾಲರಿಯಿಂದ ಎಬ್ಬಿಸಬಹುದು. ಅದರ ಮೇಲೆ ಹಳೆಯ ವೃತ್ತಪತ್ರಿಕೆಯ ತುಂಡುಗಳನ್ನು ಪ್ಲಾಸ್ಟರ್ ಆಫ್ ಪ್ಯಾರಿಸಿನಲ್ಲಿ ಅದ್ದಿ ಎರಡು ಮೂರು ಪದರವಾಗಿ ಹೊದಿಸಬೇಕು. ಪ್ಲಾಸ್ಟರನ್ನು ನೀರಿಗೆ ಉದುರಿಸಬೇಕೇ ಹೊರತು ನೀರನ್ನು ಪ್ಲಾಸ್ಟರಿಗೆ ಸುರಿಯಬಾರದು, ಸುರಿದರೆ ಗಂಟುಗಟ್ಟುತ್ತದೆ. ಕಲಸುವಾಗಲೇ ಸ್ವಲ್ಪ ಮಣ್ಣಿನ ಬಣ್ಣವನ್ನು ಸೇರಿಸಿದರೆ, ಮುಂದೆ ಅಂಚು ಚಕ್ಕೆಯೆದ್ದರೂ ಬಿಳುಪು ಇಣುಕುವುದಿಲ್ಲ. ಥರ್ಮಾಕೋಲಿಗೆ ಪೆಟ್ರೋಲು, ಥಿನ್ನರುಗಳಂಥ ದ್ರಾವಕ ಸೇರಿದ ಅಂಟಾಗಲಿ ಬಣ್ಣವಾಗಲಿ ತಾಗಿದರೆ ಅದು ಕರಗಿಹೋಗುತ್ತದೆ. ಫೆವಿಕಾಲಿನಂಥ ಬಿಳಿ ಅಂಟು, ನೀರಿನ ಬಣ್ಣಗಳು ಮಾತ್ರ ಯೋಗ್ಯ. ಬಿಸಿ ತಂತಿಯಿಂದ ಅದನ್ನು ಕತ್ತರಿಸುವಾಗ ಏಳುವ ಹೊಗೆ ಹಾನಿಕರವಾದುದರಿಂದ ಬಯಲಿನಲ್ಲಿ, ಶಿಕ್ಷಕರ ಸಮ್ಮುಖದಲ್ಲಿ ಆ ಕೆಲಸ ನಡೆಯಬೇಕು.

ಹೊದಿಕೆಗೆ ಬಳಸುವ ಮಣ್ಣು ಆಯಾ ಊರಿನದೇ ಆಗಿರಲಿ. ಬೀದರದ ವಿದ್ಯಾರ್ಥಿ ಕೆಮ್ಮಣ್ಣನ್ನೂ ಭಾಲ್ಕಿ, ಔರಾದಗಳ ವಿದ್ಯಾರ್ಥಿಗಳು ಎರೆಮಣ್ಣನ್ನೂ ತಂದು, ಒಣಗಿಸಿ, ಹಂಚಿನ ಮೇಲೆ ಹುರಿದು, ತೆಳ್ಳನೆಯ ಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ಹುರಿಯುವುದರಿಂದ ತೇವವೂ ಹುಳುವೂ ಹೋಗುತ್ತವೆ. ಆಮೇಲೆ ಆ ಪುಡಿಯ ಮೇಲೆ ಅಯಸ್ಕಾಂತವನ್ನು ಆಡಿಸುವುದನ್ನು ಮರೆಯಬಾರದು. ಈ ಮಣ್ಣುಗಳಲ್ಲಿ ಅಯಸ್ಕಾಂತಕ್ಕೆ ಅಂಟುವ ಕಣಗಳಿರುತ್ತವೆ. ಅವು ಉಳಿದರೆ ಎಂಜಿನಿನ ಮೋಟರಿನೊಳಕ್ಕೆ ಸೆಳೆದುಹೋಗಿ ಅದನ್ನು ಕೆಡಿಸುತ್ತವೆ. ಅಂಟಿನ ಒಂದು ಪಾಲಿಗೆ ಎರಡು ಪಾಲು ನೀರು, ಒಂದು ಹನಿ ಸಾಬೂನು ದ್ರವ ಬೆರೆಸಿ ಹನಿಹನಿಯಾಗಿ ಬಿಟ್ಟರೆ ಮಣ್ಣು ಅಲುಗದೆ ಅಂಟನ್ನು ಹೀರಿಕೊಳ್ಳುತ್ತದೆ. ಸಾಬೂನಿಲ್ಲದಿದ್ದರೆ ನೀರು ಮುತ್ತುಗಟ್ಟಿ ಮಣ್ಣನ್ನು ಹೊತ್ತುಕೊಂಡು ಹರಿಯುತ್ತದೆ. ಆರಿದ ಮೇಲೂ ಬಣ್ಣ ಕೊಂಚ ಗಾಢವಾಗಿಯೇ ಉಳಿಯುವುದರಿಂದ ರಟ್ಟಿನ ಚೂರಿನ ಮೇಲೆ ಮೊದಲು ಪರೀಕ್ಷಿಸಿ ನೋಡುವುದು ಲೇಸು.

ಬಣ್ಣದ ಸಂಯಮ

ಬಣ್ಣ ಬಳಿಯುವುದೆಂದರೆ ಡಬ್ಬಿಯಲ್ಲಿದ್ದುದನ್ನು ಹಾಗೆಯೇ ಮೆತ್ತುವುದಲ್ಲ. ದೊಡ್ಡ ಗೋಡೆಯ ಮೇಲೆ ಹಿತವಾಗಿ ಕಾಣುವ ಬಣ್ಣವೇ ಅಂಗೈಯಗಲದ ಮಾದರಿಯ ಮೇಲೆ ಕಟುವಾಗಿ, ಕಪ್ಪಾಗಿ ತೋರುತ್ತದೆ. ನಿಜವಾದ ಕಟ್ಟಡವನ್ನು ಕಣ್ಣು ದೂರದಿಂದ, ನಡುವಣ ಗಾಳಿ ಧೂಳುಗಳ ಮೂಲಕ ನೋಡಿರುತ್ತದೆ. ಆ ದೂರವನ್ನು ಮಾದರಿಗೆ ತರಲು ಪ್ರತಿಯೊಂದು ಬಣ್ಣಕ್ಕೂ ಚಿಟಿಕೆ ಬಿಳಿ ಅಥವಾ ಬೂದು ಬೆರೆಸಬೇಕು. ಅಚ್ಚ ಕಪ್ಪನ್ನೂ ಅಚ್ಚ ಬಿಳಿಯನ್ನೂ ಬಳಸದಿರುವುದು ಒಳ್ಳೆಯ ನಿಯಮ. ಹೊಳಪಿನ ಎಣ್ಣೆಬಣ್ಣ ನೀರಿಗೆ ಮಾತ್ರ ತಕ್ಕದ್ದು. ಮಿಕ್ಕೆಲ್ಲಕ್ಕೂ ಹೊಳಪಿಲ್ಲದ ಬಣ್ಣವೇ ಸರಿ.

ಕಲ್ಲಿಗೆ ಬಣ್ಣ ಕೊಡುವಲ್ಲಿ ಮೂರು ಹಂತಗಳಿವೆ. ಮೊದಲು ಮೂಲಬಣ್ಣ. ಅದು ಆರಿದ ಮೇಲೆ ಬಹಳ ನೀರು ಬೆರೆಸಿದ ಕಡುಗಂದು ಬಣ್ಣದ ತೆಳುಲೇಪ. ಇದು ಉಬ್ಬುಗಳಿಂದ ಜಾರಿ ತೂತುಬಿರುಕುಗಳಲ್ಲಿ ನಿಂತು ನೆರಳಾಗುತ್ತದೆ. ಕೊನೆಯಲ್ಲಿ ಒಣಕುಂಚ: ತಿಳಿಬಣ್ಣದಲ್ಲಿ ಅದ್ದಿದ ಕುಂಚವನ್ನು ಕಾಗದಕ್ಕೆ ಒರೆಸಿ, ಉಳಿದ ಅತ್ಯಲ್ಪ ಬಣ್ಣದಿಂದ ಉಬ್ಬಿದ ಅಂಚುಗಳನ್ನಷ್ಟೇ ಸವರಬೇಕು. ಜಂಬಿಟ್ಟಿಗೆಯ ಕಡಿತಕ್ಕೆ ಪ್ಲಾಸ್ಟರು ಹಸಿಯಿರುವಾಗಲೇ ಗಡಸು ಬ್ರಷ್ಷಿನ ಕೂದಲಿನಿಂದ ಚುಚ್ಚಿ ತೂತುಗಳನ್ನು ಮಾಡಿಟ್ಟಿದ್ದರೆ ಈ ಮೂರು ಹಂತಗಳಲ್ಲಿ ಕಲ್ಲು ತಾನಾಗಿ ಎದ್ದುಬರುತ್ತದೆ.

ಈ ಸಂಯಮಕ್ಕೆ ಬೀದರದಲ್ಲಿಯೇ ಗುರುಗಳಿದ್ದಾರೆ. ಬಿದರಿ ಕುಶಲಕರ್ಮಿಯು ಸತುವಿಗೆ ಅಲ್ಪ ತಾಮ್ರ ಬೆರೆಸಿದ ಲೋಹದಲ್ಲಿ ಬೆಳ್ಳಿಯನ್ನು ಕೂರಿಸಿ, ಕೋಟೆಯ ಹಳೆಯ ಭಾಗಗಳ ಮಣ್ಣಿಗೆ ನವಸಾಗರವನ್ನು ಬೆರೆಸಿದ ದ್ರಾವಣದಿಂದ ಅದನ್ನು ಸಂಸ್ಕರಿಸುತ್ತಾನೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಯಾವುದು ಕಪ್ಪಾಗಬೇಕು, ಯಾವುದನ್ನು ಮುಟ್ಟದೆ ಬಿಡಬೇಕು ಎಂಬ ವಿವೇಕವೇ ಆ ಕಲೆಯ ಜೀವಾಳ. ಕಿರು ರೈಲಿನ ಹಳಿಗೂ ಇದೇ ವಿವೇಕ ಅನ್ವಯಿಸುತ್ತದೆ. ಹಳಿಯ ಪಕ್ಕಗಳಿಗೆ ತುಕ್ಕಿನ ಕಂದು ಬೇಕು. ಗಾಲಿ ಉಜ್ಜುವ ಮೇಲ್ಮೈ ಬೆಳ್ಳಗೆ ಹೊಳೆಯಬೇಕು. ಹಾಗೆ ಒರೆಸಿ ಇಡದಿದ್ದರೆ ವಿದ್ಯುತ್ತೂ ಹರಿಯದು. ಹಳಿಯಡಿಯ ಜಲ್ಲಿ ಕರಿಕಲ್ಲಿನ ಬೂದುಬಣ್ಣದ್ದು. ಆದರೆ ರೈಲು ನಿಲ್ಲುವ ಕಡೆ ಬ್ರೇಕಿನ ಧೂಳು ಕವಿದು ಅದು ಕಂದಾಗಿರುತ್ತದೆ. ನಿಲ್ದಾಣಕ್ಕೆ ಹೋಗಿ, ಪ್ಲಾಟ್‌ಫಾರಮ್ಮಿನ ಮೇಲೆಯೇ ನಿಂತು ನೋಡಿದವರಿಗೆ ಮಾತ್ರ ಈ ವ್ಯತ್ಯಾಸ ತಿಳಿಯುತ್ತದೆ.

ಬೆಳೆ, ಮರ, ನೀರು

ಸೂಕ್ಷ್ಮ ತಾಮ್ರದ ಎಳೆಗಳುಳ್ಳ ಹಳೆಯ ವಿದ್ಯುತ್ ತಂತಿಯನ್ನು ಹೊಸೆದು, ತುದಿಯ ಎಳೆಗಳನ್ನು ಕೊಂಬೆಗಳಾಗಿ ಬಿಡಿಸಿದರೆ ಮರದ ಅಸ್ಥಿಪಂಜರ ಸಿದ್ಧ. ಎಲೆಗಳಿಗೆ ಬಣ್ಣ ಹಾಕಿ ಒಣಗಿಸಿದ ಮರದ ಹೊಟ್ಟು ಅಥವಾ ಸ್ಪಂಜಿನ ಪುಡಿ ಸಾಕು. ಆದರೆ ಎಲ್ಲ ಮರಗಳೂ ಒಂದೇ ಅಚ್ಚಿನವಾಗಬಾರದು. ಹುಣಿಸೆ ದಟ್ಟವಾಗಿ ದುಂಡಗಿರುತ್ತದೆ. ಬೇವಿನ ಎಲೆಗಳ ನಡುವೆ ಬೆಳಕು ಹಾಯುತ್ತದೆ. ಜಾಲಿ ವಿರಳವಾಗಿ ಕೊಡೆಯಂತೆ ಹರಡುತ್ತದೆ. ಮುತ್ತುಗವು ಬೇಸಗೆಯ ಮೊದಲಲ್ಲಿ ಎಲೆಯಿಲ್ಲದೆ ಕಿತ್ತಳೆಗೆಂಪಿನ ಹೂವನ್ನು ಹೊತ್ತು ನಿಲ್ಲುತ್ತದೆ.

ಎಳ್ಳಮಾವಾಸ್ಯೆಯ ದೃಶ್ಯವನ್ನು ಆರಿಸಿಕೊಂಡರೆ ಬಿಳಿಜೋಳ ತೆನೆಯೊಡೆದಿರುವ ಹೊಲ ಬೇಕು. ಎರಡು ಮೀಟರಿನ ಜೋಳದ ದಂಟು ಮಾದರಿಯಲ್ಲಿ 23 ಮಿಲಿಮೀಟರು. ಪೊರಕೆಯ ಎಳೆಗಳನ್ನು ಕತ್ತರಿಸಿ ತುದಿಗೆ ಅಂಟು ಮುಟ್ಟಿಸಿ ಹೊಟ್ಟಿನಲ್ಲಿ ಅದ್ದಿದರೆ ತೆನೆಯಾಗುತ್ತದೆ. ಸಾಲಿನಿಂದ ಸಾಲಿಗೆ 45 ಸೆಂಟಿಮೀಟರು ಅಂತರವಿಡುವುದು ವಾಡಿಕೆಯಾದುದರಿಂದ ಇಲ್ಲಿ ಐದು ಮಿಲಿಮೀಟರು ಬಿಡಬೇಕು. ಒಕ್ಕಲುತನದ ಮನೆಯ ಮಗು ಈ ಲೆಕ್ಕವನ್ನು ಶಿಕ್ಷಕರಿಗಿಂತ ಚೆನ್ನಾಗಿ ಬಲ್ಲದು. ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತಿರುವ ಮಗುವಿನ ಅರಿವು ತರಗತಿಗೆ ಬೇಕಾಗುವ ಇಂಥ ಸಂದರ್ಭಗಳು ಶಾಲೆಯಲ್ಲಿ ವಿರಳ. ಹೊಲದ ಬದುವಿನಲ್ಲಿ ಚರಗ ಚೆಲ್ಲಿ ಊಟಕ್ಕೆ ಕುಳಿತ ಕುಟುಂಬವೊಂದನ್ನು ಇರಿಸಿದರೆ ಆ ಹೊಲಕ್ಕೆ ದಿನಾಂಕವೇ ಬಂದಂತಾಗುತ್ತದೆ.

ಮಾಂಜ್ರಾ ನದಿಗೆ ನೀಲಿ ಬಣ್ಣ ಬಳಿಯುವುದು ಸಾಮಾನ್ಯವಾಗಿ ಕಾಣುವ ದೋಷ. ನದಿಯ ನೀರು ತಳದ ಬಣ್ಣವನ್ನೂ ಆಕಾಶದ ಬಣ್ಣವನ್ನೂ ತೋರುತ್ತದೆ. ದಂಡೆಯ ಬಳಿ ಮರಳಿನ ಬಣ್ಣ, ಮಡುವಿನಲ್ಲಿ ಕಡುಹಸಿರು ಕಂದು ಬಳಿದು, ಅದರ ಮೇಲೆ ತಿಳಿ ವಾರ್ನಿಷನ್ನು ತೆಳುವಾಗಿ ನಾಲ್ಕಾರು ಬಾರಿ, ಒಂದು ಪದರ ಪೂರ್ತಿ ಆರಿದ ಮೇಲೆ ಇನ್ನೊಂದನ್ನು ಹಚ್ಚಬೇಕು. ಅವಸರ ಮಾಡಿದರೆ ಒಳಗೆ ಹಸಿ ಉಳಿದು ಮೇಲ್ಮೈ ಸುಕ್ಕುಗಟ್ಟುತ್ತದೆ.

ಮನೆ, ಜನ, ದನ

ಬೀದರದ ಚೌಬಾರ 71 ಅಡಿ ಎತ್ತರದ್ದು. ಎಚ್‌ಓ ಪ್ರಮಾಣದಲ್ಲಿ ಅದು 25 ಸೆಂಟಿಮೀಟರಾಗಿ ಹಲಗೆಯ ಮೇಲಿನ ಎಲ್ಲವನ್ನೂ ಮೀರಿ ನಿಲ್ಲುತ್ತದೆ. ಅದನ್ನು ಉದ್ದೇಶಪೂರ್ವಕವಾಗಿ ಚಿಕ್ಕದಾಗಿಸಿ, ಬಣ್ಣವನ್ನು ಇನ್ನಷ್ಟು ತಿಳಿಗೊಳಿಸಿ, ಹಲಗೆಯ ಹಿಂದಿನ ಅಂಚಿನಲ್ಲಿಟ್ಟರೆ ದೂರದ ನಗರದ ಭಾವ ಬರುತ್ತದೆ. 1472ರಲ್ಲಿ ಮುಗಿದ ಮಹಮೂದ ಗವಾನನ ಮದರಸಾದ ವರ್ಣಮಯ ಹೆಂಚುಗಳನ್ನೂ ಹೀಗೆಯೇ ದೂರದ ಒಂದು ನೀಲಿ ಛಾಯೆಯಾಗಿ ಸೂಚಿಸಿದರೆ ಸಾಕು. ಮುಂಭಾಗದಲ್ಲಿ ಇರಬೇಕಾದುದು ಮಣ್ಣಿನ ಮಾಳಿಗೆಯ ಚಪ್ಪಟೆ ಮನೆ, ಕಣಿಕೆಯ ಬಣಿವೆ, ಹಳದಿ ನೆಲದ ಮೇಲೆ ಕಪ್ಪಕ್ಷರದ ನಿಲ್ದಾಣ ಫಲಕ.

ದನಗಳ ಮಾದರಿಗೆ ಈ ನಾಡಿನ ಮಕ್ಕಳು ಹೊಸದಾಗಿ ಕಲಿಯಬೇಕಾದುದಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನಲ್ಲಿ ಎತ್ತು ಮಾಡಿದ ಕೈಗೆ ಹದಿನೈದು ಮಿಲಿಮೀಟರಿನ ಎತ್ತೂ ಬಗ್ಗುತ್ತದೆ. ಬಣ್ಣ ಹಾಕುವಾಗ ದೇವಣಿ ತಳಿಯನ್ನು ನೆನೆಯಬೇಕು. ಔರಾದದ ಅಮರೇಶ್ವರ ಜಾತ್ರೆಗೆ ಬರುವ ಈ ದನಗಳಲ್ಲಿ ಬಿಳಿಯ ಮೈಮೇಲೆ ಕಪ್ಪು ಮಚ್ಚೆಯವೂ ಇವೆ, ಮೈಯೆಲ್ಲ ಬಿಳಿಯಾಗಿ ಮೋರೆ ಮಾತ್ರ ಕಪ್ಪಾದವೂ ಇವೆ. ಪೆಟ್ಟಿಗೆಯಲ್ಲಿ ಬರುವ ಯುರೋಪಿನ ಹಸುವಿನ ಬೊಂಬೆಗೆ ಇಣಿಯಿಲ್ಲ, ಗಂಗೆದೊಗಲಿಲ್ಲ. ಒಂದು ಎತ್ತು ತಪ್ಪಾದರೂ ಹೊಲವೆಲ್ಲ ಪರದೇಶದ್ದಾಗುತ್ತದೆ.

ಹಳಿಯಿಲ್ಲದ ಊರು

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಔರಾದ ಪಟ್ಟಣಕ್ಕೆ ರೈಲುನಿಲ್ದಾಣವಿಲ್ಲ. ಹಿಂದೆ ಔರಾದ ತಾಲ್ಲೂಕಿಗೆ ಸೇರಿದ್ದು, ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಕಮಲನಗರದ ಮೂಲಕ ಹಳಿ ಉದಗೀರದ ಕಡೆಗೆ ಸಾಗುತ್ತದೆ. ಹಾಗಾದರೆ ಔರಾದದ ವಿದ್ಯಾರ್ಥಿ ತನ್ನ ಊರನ್ನು ಈ ಮಾದರಿಯಲ್ಲಿ ಎಲ್ಲಿ ಇಡಬೇಕು? ಊರಿನ ಮೇಲಿನ ಅಭಿಮಾನದಿಂದ ಒಂದು ನಿಲ್ದಾಣವನ್ನು ಕಟ್ಟಿ, ಹೆಸರಿನ ಫಲಕ ನೆಟ್ಟುಬಿಡುವುದು ಸುಲಭ. ನೋಡುವವರೂ ಮೆಚ್ಚಿಯಾರು. ಆದರೆ ಅದು ಬಯಕೆಯ ಚಿತ್ರವೇ ಹೊರತು ನೆಲದ ಚಿತ್ರವಲ್ಲ. ಮಾದರಿಯಲ್ಲಿ ಒಂದು ಕಡೆ ಬಯಕೆಗೆ ಎಡೆಗೊಟ್ಟರೆ, ಉಳಿದ ಅಳತೆಗಳನ್ನು ಯಾರು ನಂಬಬೇಕು?

ಸರಿಯಾದ ಉತ್ತರ ಬೇರೆಯಿದೆ. ಕಮಲನಗರದ ನಿಲ್ದಾಣದ ಹೊರಗೆ ಧೂಳು ಹಿಡಿದ ರಸ್ತೆಯೊಂದು ಹಲಗೆಯ ಅಂಚಿನವರೆಗೆ ಸಾಗಲಿ. ಅಲ್ಲೊಂದು ಬಸ್ಸು, ಗಂಟುಮೂಟೆಗಳೊಡನೆ ಇಳಿದ ಪ್ರಯಾಣಿಕರು, ರಸ್ತೆಯ ಬದಿಗೆ ‘ಔರಾದ’ ಎಂದು ಬಾಣದ ಗುರುತುಳ್ಳ ಕಲ್ಲು. ರಸ್ತೆಯಾಚೆಯ ಹುಲ್ಲುಗಾವಲಿನಲ್ಲಿ ಒಂಬತ್ತು ಮಿಲಿಮೀಟರು ಎತ್ತರದ ಎರಡು ಕೃಷ್ಣಮೃಗಗಳು. ರೈಲು ತಲುಪದ ಊರು ಹೀಗೆ ರೈಲಿನ ಮಾದರಿಯಲ್ಲಿ ತನ್ನ ನಿಜವಾದ ಸ್ಥಾನವನ್ನು ಪಡೆಯುತ್ತದೆ. ಇಳಿದ ಪ್ರಯಾಣಿಕರು ಮುಂದೆ ಎಷ್ಟು ದೂರ ಹೋಗಬೇಕು, ಹೇಗೆ ಹೋಗುತ್ತಾರೆ ಎಂದು ನೋಡುವವರು ಕೇಳಿದರೆ, ಆ ವಿದ್ಯಾರ್ಥಿಗೆ ಹೇಳುವುದು ಬಹಳಷ್ಟಿರುತ್ತದೆ.

ಶಾಲೆ ಮಾಡಬಹುದಾದುದು

ಇಂಥ ಕಾರ್ಯಕ್ಕೆ ದೊಡ್ಡ ಬಂಡವಾಳ ಬೇಕೆಂಬ ಭಾವನೆ ಸರಿಯಲ್ಲ. ಎಂಜಿನು, ಹಳಿ, ವಿದ್ಯುತ್ ನಿಯಂತ್ರಕಗಳಿಗೆ ಹಣ ಬೇಕು. ಅದನ್ನು ದಾನಿಗಳು, ಹಳೆಯ ವಿದ್ಯಾರ್ಥಿಗಳು ಒದಗಿಸಿದರೆ ಉಪಕಾರ. ಮಿಕ್ಕುದಕ್ಕೆ ಬೇಕಾದ ಮಣ್ಣು, ಪೊರಕೆ, ಹೊಟ್ಟು, ರಟ್ಟು, ಹಳೆಯ ತಂತಿಗಳು ಊರಲ್ಲಿಯೇ ಇವೆ. ಭೂಗೋಳದ ಶಿಕ್ಷಕರು ಮಣ್ಣನ್ನೂ, ಗಣಿತದ ಶಿಕ್ಷಕರು ಪ್ರಮಾಣವನ್ನೂ, ಚಿತ್ರಕಲೆಯ ಶಿಕ್ಷಕರು ಬಣ್ಣವನ್ನೂ, ಇತಿಹಾಸದ ಶಿಕ್ಷಕರು ವರ್ಷವನ್ನೂ ನೋಡಿಕೊಂಡರೆ ನಾಲ್ಕು ವಿಷಯಗಳು ಒಂದೇ ಹಲಗೆಯ ಮೇಲೆ ಸೇರುತ್ತವೆ.

ಕಟ್ಟಿದುದನ್ನು ಕಾಪಾಡುವ ಹೊಣೆಯೂ ಇದೆ. ಅಮೆರಿಕದ ಜಾನ್ ಅಲೆನ್ ಎಂಬ ಛಾಯಾಗ್ರಾಹಕನು ಹಳತನ, ತುಕ್ಕು, ಮಸಿಗಳನ್ನು ಬಣ್ಣದಲ್ಲಿ ತರುವುದನ್ನು ಹವ್ಯಾಸಿಗಳಿಗೆ ಕಲಿಸಿಕೊಟ್ಟವರಲ್ಲಿ ಅಗ್ರಗಣ್ಯನು. 1973ರಲ್ಲಿ ಅವನು ನಿಧನನಾದ ಕೆಲವೇ ದಿನಗಳಲ್ಲಿ ಅವನ ವಿಶಾಲವಾದ ಮಾದರಿ ಬೆಂಕಿಗೆ ಆಹುತಿಯಾಯಿತು. ಜಗತ್ತು ಇಂದು ಅದನ್ನು ಬಲ್ಲುದು ಅವನೇ ತೆಗೆದಿಟ್ಟ ಛಾಯಾಚಿತ್ರಗಳಿಂದ. ಶಾಲೆಯ ಮಾದರಿಯೂ ಒಂದು ದಿನ ಧೂಳಿಗೋ ಗೆದ್ದಲಿಗೋ ತುತ್ತಾಗುವುದೇ. ಆದಕಾರಣ ಪ್ರತಿ ಹಂತದಲ್ಲಿಯೂ ಛಾಯಾಚಿತ್ರ ತೆಗೆದು, ಅಳತೆಯ ಪಟ್ಟಿಯನ್ನು ಇರಿಸಿ, ಹಲಗೆಯ ಹಿಂಬದಿಯಲ್ಲಿ ಯಾವ ಹೊಲದ ಮಣ್ಣು, ಯಾವ ತಿಂಗಳ ದೃಶ್ಯ, ಯಾವ ವರ್ಷದ ಹಳಿ ಎಂಬುದನ್ನು ಕಟ್ಟಿದ ಮಕ್ಕಳಿಂದಲೇ ಬರೆಯಿಸಿಡತಕ್ಕದ್ದು. ಮುಂದೆ ಆ ಹೊಲ ನಿವೇಶನವಾದರೂ, ಮಾಳಿಗೆಯ ಮನೆ ಕಾಂಕ್ರೀಟಾದರೂ, ಔರಾದಕ್ಕೆ ಹಳಿಯೇ ಬಂದರೂ, ಮೊದಲು ಅಲ್ಲಿ ಏನಿತ್ತೆಂಬುದಕ್ಕೆ ಆ ಬರಹ ಸಾಕ್ಷಿಯಾಗಿರುವುದು.